ಮೊದಲ ಮನೆಯ ಕೆಂಡ

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳು ಕಪ್ಪಗೆ ಜಡ್ಡುಗಟ್ಟಿ ಹಳೆಯ ಚಪ್ಪಲಿಯ ಅಟ್ಟೆಯಂತಿದ್ದವು. ಒಲೆಯೊಳಗಿನ ಕೆಂಡವನ್ನು ಇಕ್ಕಳವಿಲ್ಲದೆ ಆ ಎರಡು ಬೆರಳಿನಲ್ಲೇ ಎತ್ತಿ ಬಾಣಲೆಗೆ ಹಾಕುತ್ತಿದ್ದರು. ಜೀವನವಿಡೀ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದ ನಾನು ಇದನ್ನು ನೋಡಿಕೊಂಡು ಸುಮ್ಮನಿರುವುದು ಹೇಗೆ? ಸುಟ್ಟಗಾಯದ ಮುಲಾಮು ತಂದುಕೊಟ್ಟೆ. ಅದನ್ನು ಹಸುವಿನ ಕೆಚ್ಚಲಿಗೆ ಹಚ್ಚಿ, "ಪರ್ವಾಗಿಲ್ಲ ಕಣಮ್ಮ ನಿನ್ನ ಔಷಧಿ, ಒಳ್ಳೆ ಗುಣ ಕೊಡ್ತು" ಎಂದರು.

ನಮ್ಮ ಬಡಾವಣೆಯಲ್ಲಿ ಎಲ್ಲರಿಗೂ ಅವರು ಮೊದಲ್ಮನೆ ಅಮ್ಮ. ಬನ್ನಿಮಂಟಪದಿಂದಾಚೆ ಇದೆಲ್ಲ ಬರೀ ಹುಲ್ಲುಬಯಲಾಗಿದ್ದಾಗ, ಅಗ್ರಹಾರದ ವಠಾರ ಬಿಟ್ಟು ಗಂಡ, ಕೈಗೂಸು ಮತ್ತು ಒಂದು ಹಸುವಿನೊಂದಿಗೆ ಬಂದು ಇಲ್ಲಿ ಮೊದಲು ಮನೆ ಕಟ್ಟಿದವರು. ದೀಪವಿಲ್ಲ, ನಲ್ಲಿಯಿಲ್ಲ. ಬೀಸುಗಾಳಿಗೆ ಹೆಂಚು ಹಾರುತ್ತಿತ್ತಂತೆ, ಹಾಡಹಗಲೇ ಹಾವು ಹೊಸಿಲು ದಾಟುತ್ತಿತ್ತಂತೆ. ಎರಡನೇ ಮಳೆಗಾಲದಲ್ಲಿ ಗಂಡ ಜ್ವರ ಬಂದು ತೀರಿಕೊಂಡರು. ತವರಿನವರು ಕರೆಯಲು ಬಂದರೆ, "ಹಸು ಇಲ್ಲಿನ ಹುಲ್ಲಿಗೆ ಒಗ್ಗಿಬುಟ್ಟಿದೆ, ನಾನು ಬಂದ್ರೆ ಅದು ಬರಾಕಿಲ್ಲ" ಎಂದು ಉಳಿದುಬಿಟ್ಟರು. ಹಾಲು ಮಾರಿ ಮಗನನ್ನು ಓದಿಸಿದರು.

ಇಂಥವರನ್ನು ಗೌರವಿಸಬೇಕು, ನಿಜ. ಆದರೆ ಗೌರವಿಸುವವರು ಅವರ ಪಕ್ಕದ ಮನೆಯಲ್ಲಿ ಇದ್ದು ನೋಡಬೇಕು. ಮೊದಲು ಬಂದ ಹಕ್ಕಿನಿಂದ ಇಡೀ ಬಡಾವಣೆ ತಮ್ಮ ಹಿತ್ತಲು ಎಂದೇ ಅವರು ತಿಳಿದಿದ್ದರು. ಬಾಗಿಲು ತಟ್ಟುವ ಅಭ್ಯಾಸವೇ ಇರಲಿಲ್ಲ. ನಾನು ಹೊತ್ತಿಗೆ ಸರಿಯಾಗಿ ಊಟಕ್ಕೆ ಕೂತರೆ ಎದುರಿಗೆ ಬಂದು ನಿಂತು, "ಇಷ್ಟೇನಾ ತಿನ್ನೋದು?" ಎನ್ನುವರು. ನಾನು ಮನೆ ಕಟ್ಟಿಸುವಾಗ, ರಾತ್ರಿ ಪಾಳಿ ಮುಗಿಸಿ ಬಂದು ನೋಡಿದರೆ ಅಡಿಪಾಯ ಒಂದು ಸಾಲು ಎತ್ತರವಾಗಿತ್ತು. "ನಿನ್ನ ಮೇಸ್ತ್ರಿಗೆ ಬುದ್ಧಿ ಇಲ್ಲ, ನಾನೇ ಏರಿಸ್ದೆ" ಎಂದರು. ಕೇಳುವುದಿಲ್ಲ, ಹೇಳುವುದಿಲ್ಲ, ಮಾಡಿಬಿಡುವುದು.

ಬಡಾವಣೆಯಲ್ಲಿ ಯಾರದೇ ಗೃಹಪ್ರವೇಶವಾಗಲಿ, ಮೊದಲ ಹಾಲು ಉಕ್ಕಿಸುವ ಬೆಂಕಿ ಅವರ ಬಚ್ಚಲೊಲೆಯಿಂದಲೇ ಹೋಗಬೇಕು. ಎರಡನೇ ಮನೆಯವರ ಬೆಂಕಿಕಡ್ಡಿಯೆಲ್ಲ ಬಯಲಿನ ಗಾಳಿಗೆ ಆರಿಹೋಗಿ ಇವರು ಕೆಂಡ ಕೊಟ್ಟರಂತೆ. ಅಂದಿನಿಂದ ಅದೇ ಪದ್ಧತಿ. ನನ್ನ ಮನೆಗೂ ತಂದರು. ಮದುವೆಯಾಗದ ಹೆಂಗಸು ಒಬ್ಬಳೇ ಮನೆ ಕಟ್ಟಿಸಿದ್ದು ಆಗ ಯಾರಿಗೂ ಹಿಡಿಸಿರಲಿಲ್ಲ. ಪುರೋಹಿತರು "ದಂಪತಿ ಕೂರಬೇಕಿತ್ತು" ಎಂದು ಗೊಣಗುತ್ತಿದ್ದರು, ಬಂದ ನಾಲ್ಕು ಜನ ನನ್ನ ಪಕ್ಕದ ಖಾಲಿ ಮಣೆಯನ್ನೇ ನೋಡುತ್ತಿದ್ದರು. ಅಮ್ಮ ಹೊಗೆಯಾಡುವ ಬಾಣಲೆ ಹಿಡಿದು ಒಳಗೆ ನುಗ್ಗಿ, "ಹಾಲು ಕಾಯೋಕೆ ಬೆಂಕಿ ಬೇಕೋ, ಗಂಡ ಬೇಕೋ ಸ್ವಾಮಿ? ಸರೀರಿ ಅತ್ಲಾಗೆ" ಎಂದರು. ಪುರೋಹಿತರು ಖಾಲಿ ಮಣೆಯನ್ನು ತಾವೇ ಎತ್ತಿ ಗೋಡೆಗೆ ಒರಗಿಸಿದರು.

ತೊಂಬತ್ತು ದಾಟಿದ ಮೇಲೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಸೊಸೆ ಕೈಮುಗಿದು, "ನಮ್ಮ ಮಾತು ಕೇಳಲ್ಲ, ನೀವೇ ನೋಡ್ಕೊಳ್ಳಿ" ಎಂದು ನನಗೆ ಒಪ್ಪಿಸಿದಳು. ಎಷ್ಟೋ ರೋಗಿಗಳನ್ನು ಹದ್ದುಬಸ್ತಿನಲ್ಲಿ ಇಟ್ಟವಳು ನಾನು. ಇವರು ಮಾತ್ರ ಮಾತ್ರೆಯನ್ನು ದಿಂಬಿನ ಕೆಳಗೆ ಬಚ್ಚಿಡುವರು, ಮಲಗಬಾರದೆಂದ ಮಗ್ಗುಲಿಗೇ ಮಲಗುವರು.

ಆಗಲೇ ಎದುರಿನ ಕೊನೆಯ ಖಾಲಿ ನಿವೇಶನದಲ್ಲಿ ಮನೆ ಎದ್ದು ಗೃಹಪ್ರವೇಶ ಬಂತು. ಆ ಮನೆಯ ಹಿರಿಯಾಕೆ ನನ್ನನ್ನು ಕರೆಯಲು ಬಂದವರು ದನಿ ತಗ್ಗಿಸಿದರು. "ಶುಭಕಾರ್ಯ ನೋಡಿ. ಗಂಡ ಹೋದವರ ಕೈಯಿಂದ ಬೆಂಕಿ ಬೇಡ ಅಂತ. ಊಟಕ್ಕೆ ಖಂಡಿತ ಕರ್ಕೊಂಡು ಬನ್ನಿ." ಮೈ ಉರಿಯಿತು. ಆದರೂ ಜಗಳ ಬೇಡವೆಂದು, "ಅವರು ಏಳೋ ಹಾಗೇ ಇಲ್ಲ ಬಿಡಿ" ಎಂದೆ. ಅಮ್ಮನಿಗೆ, ಮಂಚ ಬಿಟ್ಟು ಏಳಬಾರದೆಂಬ ಡಾಕ್ಟರ ಮಾತನ್ನಷ್ಟೇ ಹೇಳಿದೆ.

ಆ ದಿನ ಬೆಳಿಗ್ಗೆ ಹೋದರೆ ಸೊಸೆಯಿಂದ ಬಚ್ಚಲೊಲೆ ಉರಿಸಿಕೊಂಡು, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾರೆ!

"ಸಿಸ್ಟರಮ್ಮ, ಆ ಗಾಲಿಕುರ್ಚಿ ತಾ."

"ಆಗಲ್ಲಮ್ಮ. ಡಾಕ್ಟರು ಬೇಡ ಅಂದಿದ್ದಾರೆ."

ನನ್ನ ಮುಖವನ್ನೇ ದಿಟ್ಟಿಸಿದರು. "ಡಾಕ್ಟರು ಬೇಡ ಅಂದ್ರೋ, ಎದುರುಮನೆಯೋಳು ಬೇಡ ಅಂದ್ಳೋ?"

ನಾನು ಥರ್ಮಾಮೀಟರ್ ಒರೆಸತೊಡಗಿದೆ.

"ಮುಖ ಯಾಕೆ ಅಂಗೆ ಮಾಡ್ಕೊತೀಯ? ಎರಡನೇ ಮನೆಯೋರೂ ಅಂಗೇ ಅಂದಿದ್ರು. ಕಡ್ಡಿಪೆಟ್ಟಿಗೆ ಖಾಲಿ ಆದ್ಮೇಲೆ ಓಡಿಬಂದ್ರು. ಹೋಗ್ಲಿ, ನೀನು ತಗೊಂಡೋಗು."

"ನಾನಾ? ನನಗೆ ಮದುವೆಯೇ ಆಗಿಲ್ಲ!"

"ಅದಕ್ಕೇ ಕಣೇ. ಇಲ್ಲದ ಗಂಡ ಸಾಯೋದೆಂಗೆ? ನಿನ್ನ ಯಾರೂ ಏನೂ ಅನ್ನಂಗಿಲ್ಲ."

ನಿವೃತ್ತಿಯಾದ ವಯಸ್ಸಿನಲ್ಲಿ ಇಸ್ತ್ರಿ ಮಾಡಿದ ಸೀರೆಯುಟ್ಟು, ಕೆಂಡದ ಬಾಣಲೆ ಹಿಡಿದು ರಸ್ತೆ ದಾಟುವ ಗತಿ ನನಗೆ ಬಂತು. ಬಾಗಿಲಲ್ಲಿ ಹಿರಿಯಾಕೆ ಅಡ್ಡ ನಿಂತರು. "ನಾನು ಹೇಳಿದ್ದೆನಲ್ಲ..."

"ಅವರ ಕೈಯಿಂದ ಬೇಡ ಅಂದಿರಿ. ಇದು ನನ್ನ ಕೈ. ಬಿಸಿ ಇದೆ, ದಾರಿ ಬಿಡಿ."

ವಾರ್ಡಿನಲ್ಲಿ ರೋಗಿಯ ಮಂಚ ಸುತ್ತುವರಿದ ನೆಂಟರನ್ನು ಚದುರಿಸುತ್ತಿದ್ದ ದನಿ ಅದು. ಆಕೆ ಸರಿದರು. ಮೂರು ಇಟ್ಟಿಗೆಯ ನಡುವೆ ಕೆಂಡ ಸುರಿದೆ. ಆ ಮನೆಯ ಸೊಸೆ ಹಾಲಿನ ಪಾತ್ರೆ ಇಟ್ಟಳು. ಉಕ್ಕಿದ ಕೂಡಲೇ ಹೊರಟುಬಂದೆ.

"ಯಾವ ಕಡೆಗೆ ಉಕ್ಕಿತು?" ಇದು ಅಮ್ಮನ ಮೊದಲ ಪ್ರಶ್ನೆ. ನಾನು ನೋಡಿರಲಿಲ್ಲ. "ಅದನ್ನೇ ನೋಡದೆ ಬಂದ್ಬುಟ್ಯಾ! ಇನ್ನೇನು ನೋಡೋಕೋಗಿದ್ದೆ?"

ಮತ್ತೆ ರಸ್ತೆ ದಾಟಿ, ಕೇಳಿಕೊಂಡು ಬಂದೆ. ಪೂರ್ವಕ್ಕೆ ಉಕ್ಕಿತ್ತು. ಹೇಳೋಣವೆಂದರೆ, ಬೇಡವೆಂದ ಮಗ್ಗುಲಿಗೇ ಹೊರಳಿ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿ ಸರಿಯಾಗಿ ಮಲಗಿಸಬೇಕಿತ್ತು. ಎಬ್ಬಿಸಲಿಲ್ಲ.

ಅವರು ಮತ್ತೆ ಎದ್ದು ಓಡಾಡಲಿಲ್ಲ. ತಿಂಗಳೊಳಗೆ ತೀರಿಕೊಂಡರು. ಅಂದು ಎದುರುಮನೆಯ ಹಿರಿಯಾಕೆ ಬಂದು ನನ್ನ ಪಕ್ಕ ನಿಂತರು. "ಒಂದು ಸಲ ಒಳಗೆ ಕರೀಬೇಕಿತ್ತು ನಾನು" ಎಂದರು.

"ಕರೆಯೋವರೆಗೆ ಕಾಯೋರಲ್ಲ ಅವರು. ಕಾಲೊಂದು ನೆಟ್ಟಗಿದ್ದಿದ್ರೆ ನಿಮಗಿಂತ ಮೊದಲೇ ನಿಮ್ಮ ಮನೆ ಹೊಕ್ಕಿರ್ತಿದ್ರು" ಎಂದೆ. ಆಕೆಗೆ ಬೈದಂತೆ ಕೇಳಿಸಿರಬೇಕು.