ಆಚೆಮನೆಯವರು ಹೇಳದ ಮಾತು

ಮೂಗಿಗೆ ಏರಿಸಿದ ನಸ್ಯ ಕಂದು ನೀರಾಗಿ ಇಳಿದು ಆಚೆಮನೆಯವರ ಮೀಸೆಯ ತುದಿಯಲ್ಲಿ ಒಂದು ಹನಿಯಾಗಿ ನಿಲ್ಲುತ್ತಿತ್ತು. ಇನ್ನೇನು ಬಿತ್ತು ಎಂದು ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಬೀಳುವ ಮೊದಲೇ ಕೈಯಲ್ಲಿದ್ದ ಪತ್ರಿಕೆಯ ಅಂಚಿನಿಂದ ಒರೆಸಿಕೊಂಡು, ಅದೇ ಪತ್ರಿಕೆಯನ್ನು ನನಗೆ ಕೊಟ್ಟು, "ಓದು ಬಾಯೆ" ಎನ್ನುತ್ತಿದ್ದರು. ಥೂ! ನೆನೆದರೆ ಈಗಲೂ ಬೆರಳನ್ನು ಸೀರೆಗೆ ಒರೆಸಿಕೊಳ್ಳುತ್ತೇನೆ.

ಜೆಪ್ಪುವಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ದಾಸವಾಳದ ಬೇಲಿ ಅಷ್ಟೇ. ನಾವು ಮಕ್ಕಳು ಅವರನ್ನು ಆಚೆಮನೆ ಮಾಮ ಎಂದು ಕರೆಯುತ್ತಿದ್ದೆವು. ನಮ್ಮಂತೆಯೇ ಕೊಂಕಣಿ ಮಾತಾಡುವವರು, ಹುಡುಗಿಯರನ್ನು 'ಬಾಯೆ' ಎನ್ನುವವರು, ನಮ್ಮ ಇಗರ್ಜಿಯಲ್ಲೇ ಜ್ಞಾನಸ್ನಾನ ಪಡೆದವರು. ಆದರೆ ಕಮ್ಯುನಿಸ್ಟ್. ಐವತ್ತರ ದಶಕದ ಆ ವರ್ಷಗಳಲ್ಲಿ ನಮ್ಮ ಜನರ ಬಾಯಲ್ಲಿ ಅದಕ್ಕಿಂತ ಕೆಟ್ಟ ಮಾತಿರಲಿಲ್ಲ. ಕುಡುಕನಿಗೂ ಪರಮಪ್ರಸಾದ ಸಿಗುತ್ತಿತ್ತು, ಕೆಂಪು ಬಾವುಟ ಹಿಡಿದವನಿಗೆ ಇಲ್ಲ. ಪೂಜೆ ಮುಗಿದ ಮೇಲೆ ರಷ್ಯದ ಮನಪರಿವರ್ತನೆಗಾಗಿ ಪ್ರಾರ್ಥಿಸುವ ಕ್ರಮ ಆಗ ಇತ್ತು. ಅಮ್ಮ ಅದನ್ನು ಮನೆಯ ಸಂಜೆಯ ಜಪಸರಕ್ಕೂ ಸೇರಿಸಿದ್ದಳು. "ರಷ್ಯ" ಎನ್ನುವಾಗ ಅವಳ ಕತ್ತು ತಾನಾಗಿಯೇ ಬೇಲಿಯ ಕಡೆ ತಿರುಗುತ್ತಿತ್ತು. ಹಾಗಾಗಿ ರಷ್ಯ ಎಂದರೆ ಆಚೆಮನೆಯ ಹೆಸರೆಂದೇ ನಾನು ತಿಳಿದಿದ್ದೆ. ಮೂರನೇ ಕ್ಲಾಸಿನಲ್ಲಿ ಪಾಠ ಮಾಡುವ ಸಿಸ್ಟರ್ ಭೂಪಟ ಬಿಡಿಸಿಟ್ಟು ರಷ್ಯ ಎಲ್ಲಿ ಎಂದು ಕೇಳಿದಾಗ, "ನಮ್ಮ ಬೇಲಿಯ ಆಚೆ ಉಂಟು ಸಿಸ್ಟರ್" ಎಂದು ಧೈರ್ಯವಾಗಿ ಹೇಳಿ ನಗೆಪಾಟಲಾದೆ.

ಅವರು ಹಂಚಿನ ಕಾರ್ಖಾನೆಯಲ್ಲಿ ಬೆಂಕಿ ನೋಡುವವರು. ಭಟ್ಟಿಯ ಕಿಂಡಿಗೆ ಕಣ್ಣಿಟ್ಟು, ಒಳಗಿನ ಬೆಂಕಿಯ ಬಣ್ಣ ನೋಡಿ, ಹಂಚು ಬೆಂದಿದೆಯೇ ಇಲ್ಲವೇ ಎಂದು ಹೇಳಬೇಕು. ಇಪ್ಪತ್ತು ವರ್ಷ ಹಾಗೆ ನೋಡಿ ನೋಡಿ ಕಣ್ಣು ಮಂಜಾಯಿತು. ಮಂಜಾದ ಕೂಡಲೇ ಕಾರ್ಖಾನೆ ಕೈಬಿಟ್ಟಿತು. ನನ್ನ ಅಪ್ಪ ಅದೇ ಕಾರ್ಖಾನೆಯ ಆಫೀಸಿನಲ್ಲಿ ರೈಟರ್. ಕೆಲಸದಿಂದ ತೆಗೆದ ಪತ್ರ ಬರೆದದ್ದು ಅವನೇ. ಇದು ನನಗೆ ಗೊತ್ತಾದದ್ದು ಮಾಮನಿಂದ. "ನಿನ್ನ ಅಪ್ಪನ ಅಕ್ಷರ ಚಂದ ಬಾಯೆ. ನನ್ನ ಕಣ್ಣಿಗೂ ಕಾಣುವ ಹಾಗೆ ದೊಡ್ಡದಾಗಿ ಬರೆದಿದ್ದರು," ಎಂದರು ಒಮ್ಮೆ, ನಗುತ್ತಲೇ. ಮನೆಗೆ ಬಂದು ಅಪ್ಪನನ್ನು ಕೇಳಿದೆ. "ನನ್ನ ಕೆಲಸ ನಾನು ಮಾಡಿದೆ" ಎಂದು ಊಟ ಮುಂದುವರಿಸಿದ. ಅವನು ಮೀನಿನ ಮುಳ್ಳು ಚೀಪುತ್ತಿದ್ದ ಸದ್ದು ಕೇಳಲಾರದೆ ನಾನು ಅಂಗಳಕ್ಕೆ ಎದ್ದುಹೋದೆ. ಹದಿನಾಲ್ಕು ವರ್ಷದವಳಿಗೆ ಅಪ್ಪನ ಮೇಲೆ ಬಂದ ಮೊದಲ ಅಸಹ್ಯ ಅದು.

ಮಾಮನಿಗೆ ಓದಿ ಹೇಳಲು ನನ್ನನ್ನು ಕರೆದದ್ದು ಅವರ ಹೆಂಡತಿ. ಮಕ್ಕಳಿಲ್ಲದ, ದಿನಾ ಪೂಜೆಗೆ ಹೋಗುವ ಹೆಂಗಸು. ಗಂಡನ ಆತ್ಮ ನರಕಕ್ಕೆ ಹೋಗುತ್ತದೆಂದು ನಿಜವಾಗಿ ನಂಬಿ, ನಿಜವಾಗಿ ಅಳುತ್ತಿದ್ದವಳು. ಅಮ್ಮ ಒಂದು ಶರತ್ತು ಹಾಕಿದಳು: ಅವರ ಪಕ್ಷದ ಪತ್ರಿಕೆ ಓದಿದರೆ ನಮ್ಮ ಇಗರ್ಜಿಯ ವಾರಪತ್ರಿಕೆಯನ್ನೂ ಓದಬೇಕು. ಮಾಮ ತಕ್ಷಣ ಒಪ್ಪಿದರು. ಆಮೇಲೆ ತಮ್ಮದೂ ಒಂದು ಶರತ್ತು ಹಾಕಿದರು.

"ನಿಮ್ಮ ಪತ್ರಿಕೆ ಎಂತ ಹೇಳ್ತದೆ ಅಂತ ನಾನು ಹೇಳ್ತೇನೆ. ನಮ್ಮದು ಎಂತ ಹೇಳ್ತದೆ ಅಂತ ನೀನು ಹೇಳು. ಆಚೆಯವರು 'ಸರಿ' ಅನ್ನುವವರೆಗೆ ಜಗಳ ಸುರು ಮಾಡ್ಲಿಕ್ಕಿಲ್ಲ."

ಎಷ್ಟು ಸುಲಭ ಎಂದುಕೊಂಡಿದ್ದೆ! ಅವರು ನಮ್ಮ ಮಾತನ್ನು ನಮ್ಮ ಪಾದ್ರಿಗಳಿಗಿಂತ ಚೆನ್ನಾಗಿ ಹೇಳುತ್ತಿದ್ದರು. ಕೊಂಕು ಇಲ್ಲ, ಅಣಕ ಇಲ್ಲ. ನಾನು ಪ್ರತಿ ಭಾನುವಾರವೂ "ಸರಿ" ಎನ್ನಬೇಕಾಗುತ್ತಿತ್ತು. ನನ್ನ ಸರದಿ ಬಂದಾಗ, "ನಿಮಗೆ ದೇವರು ಬೇಡ, ಎಲ್ಲರ ಆಸ್ತಿ ಕಿತ್ತುಕೊಳ್ಳಬೇಕು" ಎಂದು ಬಾಯಿಪಾಠ ಒಪ್ಪಿಸುತ್ತಿದ್ದೆ. "ಅಲ್ಲ ಮಾರಾಯ್ತಿ, ಅದು ನಿನ್ನ ಹೆದರಿಕೆ, ನನ್ನ ಮಾತಲ್ಲ," ಎನ್ನುತ್ತಿದ್ದರು. ಮತ್ತೆ ಹೇಳಿದರೆ ಮತ್ತೆ "ಅಲ್ಲ". ನನಗೆ ಮೈ ಉರಿಯುತ್ತಿತ್ತು. ಮೀಸೆಯಲ್ಲಿ ನಸ್ಯ, ಅಂಗಳದ ಗೋಡೆಗೆಲ್ಲ ಎಲೆಯಡಿಕೆಯ ಉಗುಳು, ಇಂಥವರು ನನಗೆ ಸರಿ-ತಪ್ಪು ಹೇಳುವುದೇ?

ಹಂಗೇರಿಗೆ ರಷ್ಯದ ಟ್ಯಾಂಕುಗಳು ನುಗ್ಗಿದ ಸುದ್ದಿ ನಮ್ಮ ವಾರಪತ್ರಿಕೆಯಲ್ಲಿ ಬಂದಾಗ ನಾನು ಓಡಿಕೊಂಡೇ ಹೋದೆ. ಗಟ್ಟಿಯಾಗಿ ಓದಿದೆ. "ಹೇಳಿ ಮಾಮ, ನಮ್ಮ ಮಾತು ಹೇಳಿ," ಎಂದೆ. ಅವರು ಹೇಳಲಿಲ್ಲ. "ಪೇಪರಿನವರ ಸುಳ್ಳು ಅದು" ಎಂದು ಎದ್ದುಹೋದರು. ಛೀ, ನಿಯಮವೆಲ್ಲ ನನಗೊಬ್ಬಳಿಗೆ ಎಂದಾಯಿತು! ಇನ್ನು ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದುಕೊಂಡೆ. ಮುಂದಿನ ಭಾನುವಾರ ಅವರೇ ಬೇಲಿಯ ಹತ್ತಿರ ತಡವಿಕೊಂಡು ಬಂದು ನಿಂತರು.

"ಟ್ಯಾಂಕು ಬಂತು. ಬಂದದ್ದು ಧಣಿಗಳ ಮೇಲೆ ಅಲ್ಲ, ನನ್ನ ಹಾಗಿನ ಕೆಲಸದವರ ಮೇಲೆ. ಇದು ನಿಮ್ಮ ಮಾತು. ಸರಿಯಾ?"

"ಸರಿ."

"ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ."

"ಮತ್ತೆ ಯಾಕೆ ಅವರ ಜೊತೆ ಇದ್ದೀರಿ?"

"ನಿಮ್ಮ ಇಗರ್ಜಿಯವರು ಮಾಡಿದ್ದಕ್ಕೆಲ್ಲ ನಿನ್ನ ಹತ್ತಿರ ಉತ್ತರ ಉಂಟಾ? ಆದ್ರೂ ಹೋಗ್ತಿಯಲ್ಲ."

ಆ ಉತ್ತರ ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. ಸತ್ತವರ ಲೆಕ್ಕಕ್ಕೆ ಇನ್ನೊಂದು ಕಡೆಯ ಸತ್ತವರನ್ನು ತೋರಿಸುವುದು ಎಂಥ ನ್ಯಾಯ? ಆದರೆ ನನ್ನ ಅಪ್ಪನಾಗಲಿ ನಮ್ಮ ಪಾದ್ರಿಗಳಾಗಲಿ "ಉತ್ತರ ಇಲ್ಲ" ಎಂದದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅವರ ಹೆಂಡತಿ ತೀರಿಕೊಂಡಳು. ಇಗರ್ಜಿಯ ಸ್ಮಶಾನದಲ್ಲಿ ಅವಳನ್ನು ಮಣ್ಣು ಮಾಡಿದಾಗ ಮಾಮ ಗುಂಡಿ ತೋಡುವವನ ಕೈ ಹಿಡಿದು, "ಪಕ್ಕದ ಜಾಗ ಯಾರಿಗಾದ್ರೂ ಕೊಟ್ಟಾಗಿದೆಯಾ?" ಎಂದು ಕೇಳಿದರು. ಇಲ್ಲ ಎಂದ ಅವನು. ಅವರು ತಮಗೋಸ್ಕರ ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾನು ಬಲ್ಮಠದ ಶಾಲೆಯೊಂದರಲ್ಲಿ ಟೀಚರಾಗಿದ್ದಾಗ ಅವರು ಹಾಸಿಗೆ ಹಿಡಿದರು. ಎದೆಯೆಲ್ಲ ಧೂಳು ಎಂದರು ಡಾಕ್ಟರು. ಇಗರ್ಜಿಯ ಮುಖ್ಯ ಪಾದ್ರಿಗಳಾದ ವಿಗಾರರು ಎರಡು ಸಲ ಬಂದರು, ಮಾಮ ಎರಡು ಸಲವೂ ಗೋಡೆಯ ಕಡೆ ತಿರುಗಿದರು. ಕೊನೆಗೆ ವಿಗಾರರು ನನ್ನನ್ನು ಕರೆಸಿದರು. "ಪಶ್ಚಾತ್ತಾಪ ಇಲ್ಲದೆ ಸತ್ತರೆ ಸ್ಮಶಾನದಲ್ಲಿ ಜಾಗ ಕೊಡ್ಲಿಕ್ಕೆ ಆಗುವುದಿಲ್ಲ ಟೀಚರ್. ನಿಮ್ಮ ಎದುರು 'ತಪ್ಪಾಯ್ತು' ಅಂತ ಒಂದು ಮಾತು ಹೇಳಿದ್ರೆ ಸಾಕು. ನಿಮ್ಮ ಸಾಕ್ಷಿ ನನಗೆ ಸಾಕು."

ಹೋದೆ. ಹೇಳಿದೆ. ಅವರು ಕೆಮ್ಮುತ್ತ, "ಮೊದಲು ನನ್ನ ಮಾತು ಹೇಳು" ಎಂದರು.

"ಹೆಂಡತಿಯ ಪಕ್ಕದಲ್ಲಿ ಮಲಗುವ ಆಸೆ ನಿಮಗೆ ಉಂಟು," ಎಂದೆ. "ಬೇರೆ ಯಾವ ಆಸೆಯೂ ಇಲ್ಲ. ಆದ್ರೆ ಕಣ್ಣು ಹೋದಾಗ ನಿಮ್ಮನ್ನು ಕೈ ಹಿಡಿದು ಆಸ್ಪತ್ರೆಗೆ ಕರ್ಕೊಂಡು ಹೋದದ್ದು ನಿಮ್ಮ ಕೆಂಪು ಬಾವುಟದ ಯೂನಿಯನಿನವರು. ನಾವು ಬೇಲಿಯ ಈಚೆ ನಿಮಗಾಗಿ ಜಪ ಮಾಡ್ತಿದ್ದೆವು. ಅವರ ಜೊತೆ ಬದುಕಿದ್ದೇ ತಪ್ಪು ಅಂತ ಹೇಳಿ ಸಾಯಲಿಕ್ಕೆ ನಿಮಗೆ ಮನಸ್ಸು ಬರುವುದಿಲ್ಲ."

"ಸರಿ" ಎಂದರು. "ಹತ್ತು ವರ್ಷ ಬೇಕಾಯ್ತು ನಿನಗೆ."

ನಾನು ಜಗಳ ಸುರು ಮಾಡಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಹೋಗಿಬಿಟ್ಟರು. ಅಂಗಳದ ಒಂದು ಬದಿಯಲ್ಲಿ ನಮ್ಮ ಜನ, ಗೇಟಿನ ಹತ್ತಿರ ಯೂನಿಯನಿನವರು, ಅವರಲ್ಲಿ ಹಿರಿಯನ ಕೈಯಲ್ಲಿ ಮಡಚಿದ ಕೆಂಪು ಬಾವುಟ. ವಿಗಾರರು ಬಂದು ಎಲ್ಲರೆದುರು ನನ್ನನ್ನು ಕೇಳಿದರು: "ಎಂತ ಹೇಳಿದ್ರು ಟೀಚರ್?"

ಹೆಂಡತಿಯ ಪಕ್ಕದ ಜಾಗ ನೆನಪಾಯಿತು. ಅದೊಂದೇ ಕಾರಣ ಎಂದು ಬರೆದರೆ ನನಗೂ ಚೆನ್ನಾಗಿರುತ್ತದೆ. ಆದರೆ ಹಿಂದೆ ಅಮ್ಮ ಕೈಮುಗಿದು ನಿಂತಿದ್ದಳು, ಇಡೀ ಊರು ನನ್ನ ಬಾಯಿ ನೋಡುತ್ತಿತ್ತು, ಒಬ್ಬ ಕಮ್ಯುನಿಸ್ಟನನ್ನು ದೇವರ ಕಡೆಗೆ ತಿರುಗಿಸಿದ ಟೀಚರಾಗುವುದು ಆ ಕ್ಷಣಕ್ಕೆ ಹಿತವಾಗಿಯೇ ಇತ್ತು. ಹೇಳಿದೆ: "ತಪ್ಪಾಯ್ತು ಅಂತ ಹೇಳಿದ್ರು ಫಾದರ್."

ಅಮ್ಮ ಜೋರಾಗಿ ಅತ್ತಳು. ಆ ಹಿರಿಯ ಮುಂದೆ ಬಂದ. ತುಳುವರು ನಮ್ಮವರನ್ನು ಕರೆಯುವ ಹಾಗೆ, "ಪೊರ್ಬುಗಳು ಹಾಗೆ ಹೇಳಿದ್ರಾ ಟೀಚರೇ?" ಎಂದು ಕೇಳಿದ. ತಲೆಯಾಡಿಸಿದೆ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ, ಸಾಯುವಾಗ ಯಾರಿಗಾದ್ರೂ ಹೆದರಿಕೆ ಆಗ್ತದೆ," ಎಂದು ಬಾವುಟವನ್ನು ಕಂಕುಳಲ್ಲಿಟ್ಟುಕೊಂಡು ತನ್ನವರನ್ನು ಕರೆದುಕೊಂಡು ಹೊರಟುಹೋದ. ಆ ದಿನ ಅವರ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಒಬ್ಬ ನನ್ನ ಅಪ್ಪ.

ಮುಂದಿನ ಭಾನುವಾರ ಪೂಜೆಯಲ್ಲಿ ವಿಗಾರರು ಮಾಡಿದ ಪ್ರಸಂಗವೆಲ್ಲ ಮಾಮನ ಬಗ್ಗೆಯೇ. ಕೆಂಪು ಬಾವುಟ ಬಿಸಾಡಿ ಬಂದವನ ಕತೆ ಎಂದು ಅದನ್ನು ಎಷ್ಟೋ ವರ್ಷ ಧರ್ಮೋಪದೇಶದ ಮಕ್ಕಳಿಗೆ ಹೇಳಿದರು. ನನ್ನನ್ನು ಕರೆದು ಸಾಕ್ಷಿ ಹೇಳಿಸಿದರು. ನಾನು ಹೋಗಿ ಹೇಳಿಬಂದೆ, ಒಂದಲ್ಲ, ಹತ್ತಾರು ಸಲ. ನಿಜ ಹೇಳಿಬಿಡಲು ಯೂನಿಯನ್ ಆಫೀಸಿನ ಮೆಟ್ಟಿಲಿನವರೆಗೆ ಎರಡು ಸಲ ಹೋಗಿ ವಾಪಸ್ ಬಂದೆ. ಸಣ್ಣ ಸಣ್ಣ ಪಾಪಗಳನ್ನೆಲ್ಲ ಪಾಪನಿವೇದನೆಯಲ್ಲಿ ಒಪ್ಪಿಸಿದ ಈ ನಾಲಿಗೆ ಇದೊಂದನ್ನು ನುಂಗಿಕೊಂಡೇ ಬಂತು. ಹೇಸಿಗೆಯಾಗುತ್ತದೆ.

ನಾನು ಇಂದಿಗೂ ಅವರ ಪಕ್ಷದವಳಲ್ಲ. ಆದರೂ ನನ್ನ ತಲೆಯ ಹೊರಗೆ ಇನ್ನೊಬ್ಬರ ತಲೆ ಇದೆ ಎಂದು ಕಲಿಸಿದವರು ಅವರು. ಅವರ ಮಾತನ್ನು ಸರಿಯಾಗಿ ಬಲ್ಲವಳು ನಮ್ಮ ಕೇರಿಯಲ್ಲಿ ನಾನೊಬ್ಬಳೇ ಇದ್ದೆ, ಅವರ ಬಾಯಿಗೆ ಇನ್ನೊಂದು ಮಾತು ತುರುಕಿ ಮಣ್ಣು ಮುಚ್ಚಿಸಿದವಳೂ ನಾನೇ. ಅವರು ಹೆದರಲಿಲ್ಲ. ತಪ್ಪಾಯಿತು ಎಂದು ಅವರು ಹೇಳಲೇ ಇಲ್ಲ.