ಫಾರಿನ್ ಅಣ್ಣ

ಚಂದ್ರಮೌಳಿ ಏನು ಕೆಲಸ ಮಾಡುತ್ತಾನೆ ಎಂಬ ವಿಷಯದಲ್ಲಿ ಅಮೆರಿಕದ ನಾರ್ತ್ ಕ್ರೀಕ್‌ನ ಕನ್ನಡದವರಲ್ಲಿ ಎರಡು ಪಕ್ಷಗಳಿದ್ದವು. ಒಂದು ಪಕ್ಷದವರು ಅವನು ಕ್ಷಿಪಣಿ ಮಾಡುತ್ತಾನೆ ಎನ್ನುತ್ತಿದ್ದರು. ಇನ್ನೊಂದು ಪಕ್ಷದವರ ಪ್ರಕಾರ ಅವನ ಕೆಲಸ ಎಂದೋ ಹೋಗಿದೆ, ಹೆಂಡತಿಯ ಸಂಬಳದಲ್ಲಿ ದಿನ ದೂಡುತ್ತಿದ್ದಾನೆ, ಮರ್ಯಾದೆ ಉಳಿಸಿಕೊಳ್ಳಲು ಬೆಳಿಗ್ಗೆ ಕಾರು ತೆಗೆದುಕೊಂಡು ಎಲ್ಲೋ ಹೋಗಿ ಕೂತು ಬರುತ್ತಾನೆ. ಮೌಳಿ ಇಬ್ಬರಿಗೂ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಯಾರಾದರೂ ನೇರವಾಗಿ ಕೇಳಿದರೆ ವೈರಿಂಗ್ ಕೆಲಸ ಎನ್ನುತ್ತಿದ್ದ. ಅದು ಸುಳ್ಳೇನಲ್ಲ. ಮುಕಿಲ್ಟಿಯೊದ ಒಂದು ಸಣ್ಣ ಕಂಪನಿಯಲ್ಲಿ, ಸೈನ್ಯದ ವಿಮಾನಗಳೊಳಗೆ ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವ ಎಂಜಿನಿಯರ್ ಅವನು. ಮಗಳ ಜೊತೆ ಇರಲು ಚಾಮರಾಜನಗರದಿಂದ ಬಂದಿದ್ದ ಪಕ್ಕದ ಮನೆಯ ಅನಸೂಯಮ್ಮನವರು ಮಾತ್ರ ಅವನ ಮಾತನ್ನು ಅಕ್ಷರಶಃ ನಂಬಿ, ಮಿಕ್ಸಿ ಕೆಟ್ಟಾಗಲೆಲ್ಲ ಅವನ ಮನೆಗೆ ತಂದಿಡುತ್ತಿದ್ದರು. ಅವನೂ ರಿಪೇರಿ ಮಾಡಿ ಕೊಡುತ್ತಿದ್ದ.

ಇಷ್ಟಕ್ಕೆಲ್ಲ ಕಾರಣ ಕ್ಲಿಯರೆನ್ಸ್. ಸರ್ಕಾರದ ಗುಟ್ಟನ್ನು ನೋಡಲು ಸರ್ಕಾರವೇ ಕೊಡುವ ಅಪ್ಪಣೆ ಅದು. ಅಮೆರಿಕದ ಪ್ರಜೆಯಾಗಿದ್ದ ಮೌಳಿಗೆ ಅದರ ಕೆಳಗಿನ ಮೆಟ್ಟಿಲು ಎಂದೋ ಸಿಕ್ಕಿತ್ತು. ಸಿಕ್ಕಿದ್ದೇ ಸಂಬಳ ಏರಿತು, ಕೆಲಸಕ್ಕೆ ಕರೆಯುವವರ ಫೋನುಗಳೂ ಶುರುವಾದವು. ಆದರೆ ಅವರು ಕರೆಯುತ್ತಿದ್ದುದೆಲ್ಲ ಇಂಥದ್ದೇ ಇನ್ನೊಂದು ಕಿಟಕಿಯಿಲ್ಲದ ಕೋಣೆಗೆ. ಬೇರೆ ಥರದ ಕೆಲಸಕ್ಕೆ ಹೋಗಿ ಒಂದೆರಡು ವರ್ಷ ಕಳೆದರೆ ಈ ಅಪ್ಪಣೆ ತಾನಾಗಿ ಸತ್ತುಹೋಗುತ್ತದೆ. ಹಾಗಾಗಿ ಸಂಬಳ ಏರಿದ ದಿನವೇ ಕಾಲಿಗೆ ಹಗ್ಗವೂ ಬಿತ್ತು. ಮುಕಿಲ್ಟಿಯೊದಲ್ಲಿ ಸಮುದ್ರ ಇದೆ, ದ್ವೀಪಕ್ಕೆ ಹೋಗುವ ಫೆರ್ರಿ ಇದೆ, ನೋಡಲೆಂದೇ ಜನ ದೂರದಿಂದ ಬರುತ್ತಾರೆ. ಅವನು ಫೋನನ್ನು ಬಾಗಿಲಾಚೆಯ ಲಾಕರಿನಲ್ಲಿಟ್ಟು ಒಳಗೆ ಹೋದರೆ ಹೊರಗೆ ಮಳೆಯೋ ಬಿಸಿಲೋ ತಿಳಿಯುತ್ತಿದ್ದುದು ಸಂಜೆಗೇ. ಅತ್ತ ಹೆಂಡತಿ ಕೌಸಲ್ಯಾ ಯಾವ ಗುಟ್ಟೂ ಇಲ್ಲದ ಒಂದು ಶಾಪಿಂಗ್ ಆ್ಯಪ್‌ಗೆ ಸಾಫ್ಟ್‌ವೇರ್ ಬರೆಯುತ್ತ, ಮಂಚದ ಮೇಲೆ ಕಾಲು ಚಾಚಿಕೊಂಡು, ಗಂಡನಿಗಿಂತ ಬಹಳ ಹೆಚ್ಚು ಸಂಪಾದಿಸುತ್ತಿದ್ದಳು. ದೇಶದ ಗುಟ್ಟಿಗಿಂತ ಚಪ್ಪಲಿ ಮಾರುವುದಕ್ಕೇ ಬೆಲೆ ಜಾಸ್ತಿ ಅನ್ನಿಸುತ್ತೆ ಕಣ್ರೀ ಎಂದು ಅವಳು ಒಮ್ಮೆ ರೇಗಿಸಿದ್ದು ಮೌಳಿಯ ಹೊಟ್ಟೆಯಲ್ಲಿ ಬಹಳ ದಿನ ಕೂತಿತ್ತು.

ಆದ್ದರಿಂದಲೇ ಅವನಿಗೆ ಮೇಲಿನ ಮೆಟ್ಟಿಲು ಬೇಕಾಗಿತ್ತು. ಹೊಸದೊಂದು ಕೆಲಸ ಬರುತ್ತಿದೆ, ಟಾಪ್ ಸೀಕ್ರೆಟ್ ಎಂಬ ಆ ಮೆಟ್ಟಿಲು ಸಿಕ್ಕರೆ ಅದರ ಮುಖ್ಯಸ್ಥ ನೀನೇ ಎಂದು ಮ್ಯಾನೇಜರ್ ಹೇಳಿದ್ದ. ಸಿಗದಿದ್ದರೆ ಏನೆಂದು ಅವನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮೌಳಿಗಿಂತ ಹತ್ತು ವರ್ಷ ಚಿಕ್ಕವನೊಬ್ಬ ಆಗಲೇ ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ. ಐವತ್ತರ ಹತ್ತಿರ ಬಂದವನಿಗೆ ಇಂಥ ಅವಕಾಶ ಮತ್ತೆ ಬರುವುದಿಲ್ಲ ಎಂಬುದು ಮೌಳಿಗೂ ಗೊತ್ತಿತ್ತು.

ಅರ್ಜಿ ತುಂಬುವುದರಲ್ಲಿ ಅವನಷ್ಟು ಪ್ರಾಮಾಣಿಕ ಇನ್ನೊಬ್ಬ ಸಿಗಲಾರ. ಹೈಸ್ಕೂಲಿನಲ್ಲಿ ಇಟ್ಟುಕೊಂಡಿದ್ದ ಅಡ್ಡಹೆಸರಿನಿಂದ ಹಿಡಿದು ವೇಗವಾಗಿ ಕಾರು ಓಡಿಸಿ ಕಟ್ಟಿದ ದಂಡದವರೆಗೆ ಎಲ್ಲ ಬರೆದ. ಒಡಹುಟ್ಟಿದವರು ಎಂದಿದ್ದ ಕಡೆ ಯಾರೂ ಇಲ್ಲ ಎಂದ. ನಿಮಗೆ ಹತ್ತಿರದವರಾದ ವಿದೇಶಿಯರು ಯಾರು ಎಂದು ಕೇಳಿದ್ದ ಕಡೆ ಬಹಳ ಹೊತ್ತು ತಲೆ ಕೆರೆದುಕೊಂಡು, ಪ್ರತಿ ವರ್ಷ ಶುಭಾಶಯ ಕಳಿಸುವ ಒಬ್ಬ ಜರ್ಮನಿಯವನನ್ನೂ ಬಿಡಿಭಾಗ ಮಾರುವ ಒಬ್ಬ ಜಪಾನಿನವನನ್ನೂ ಹುಡುಕಿ ಸೇರಿಸಿದ. ಬದರಿಯಣ್ಣನ ಹೆಸರು ಎಲ್ಲೂ ಬರಲಿಲ್ಲ. ಬಚ್ಚಿಟ್ಟನೆಂದಲ್ಲ. ಬದರಿಯಣ್ಣ ಫಾರಿನರ್ ಎಂಬುದು ಅವನ ತಲೆಗೇ ಹೊಳೆಯಲಿಲ್ಲ.

ಬದರಿನಾಥ ಎಂದರೆ ಕೆ.ಆರ್. ನಗರದಲ್ಲಿರುವ ಮೌಳಿಯ ದೊಡ್ಡಪ್ಪನ ಮಗ. ಮೌಳಿ ಇನ್ನೂ ಚಡ್ಡಿ ಹಾಕುತ್ತಿದ್ದಾಗಲೇ ಅಪ್ಪ ತೀರಿಕೊಂಡರು. ಆಗ ವಿದ್ಯುತ್ ಮಂಡಳಿಯಲ್ಲಿ ಲೈನ್‌ಮನ್ ಆಗಿದ್ದ ಬದರಿಯಣ್ಣ ಅವನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ, ಕಂಬದ ಕೆಳಗೆ ನಿಲ್ಲಿಸಿ ಕರೆಂಟಿನ ಕಥೆ ಹೇಳಿದ, ತಪ್ಪು ಮಾಡಿದಾಗ ಕಿವಿ ಹಿಂಡಿದ. ವೈರಿನ ಹುಚ್ಚು ಮೌಳಿಗೆ ಅಂಟಿದ್ದು ಅಲ್ಲಿಂದಲೇ. ಈಗಲೂ ಭಾನುವಾರ ಬಂತೆಂದರೆ ಅಣ್ಣನ ಫೋನು. ಮೌಳಿ ಹಿತ್ತಲಿನಲ್ಲಿ ಓಡಾಡುತ್ತ, ನಾಲ್ಕು ಮನೆಗೆ ಕೇಳುವಂತೆ ಹರಟುತ್ತಿದ್ದ. ಫಾರಿನ್ ಎಂದರೆ ಕೆ.ಆರ್. ನಗರದಲ್ಲಿ ಎಲ್ಲರಿಗೂ ಗೊತ್ತಿದ್ದಂತೆ ಮೌಳಿ ಇರುವ ಜಾಗ. ನಮ್ಮ ಮೌಳಿ ಫಾರಿನ್‌ನಲ್ಲಿದ್ದಾನೆ ಎಂದು ಬದರಿಯಣ್ಣ ಇಪ್ಪತ್ತು ವರ್ಷದಿಂದ ಸಾರಿಕೊಂಡು ಬಂದಿದ್ದ. ಹಾಗಿರುವಾಗ ಅಣ್ಣ ಹೇಗೆ ಫಾರಿನರ್ ಆದಾನು?

ಕೆಲವು ತಿಂಗಳ ಮೇಲೆ ತನಿಖೆಯವನು ಬಂದ. ಅಕ್ಕಪಕ್ಕದವರನ್ನು ವಿಚಾರಿಸುವುದು ಅವನ ಕೆಲಸದ ಒಂದು ಭಾಗ. ಮಾತಿಗೆ ಜನವಿಲ್ಲದೆ ಸೊರಗಿದ್ದ ಅನಸೂಯಮ್ಮನವರಿಗೆ, ತಾನೇ ಕೇಳಿಕೊಂಡು ಬಂದು ಮಾತನಾಡಿಸುವ ಮನುಷ್ಯ ಸಿಕ್ಕಿದ್ದು ಹಬ್ಬವಾಯಿತು. ಅವನ ಶೂ ಬಿಚ್ಚಿಸಿ ಒಳಗೆ ಕೂರಿಸಿದರು, ಕಾಫಿ ಕೊಟ್ಟರು, ಲೈಬ್ರರಿಯ ತರಗತಿಯಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಹೊರಗೆ ತೆಗೆದರು. ಮೌಳಿ ಅಪ್ಪಟ ಚಿನ್ನ, ಊರಿನಲ್ಲಿರುವ ಅವನ ಬ್ರದರ್ ಅವನಿಗೆ ಅಪ್ಪನ ಸಮಾನ, ಪ್ರತಿ ಭಾನುವಾರ ಆ ಬ್ರದರ್ ಜೊತೆ ಮಾತನಾಡದೆ ಅವನು ತಿಂಡಿ ಕೂಡ ತಿನ್ನುವುದಿಲ್ಲ ಎಂದು ಹೊಗಳಿದರು. ಹೊಗಳಿದ್ದನ್ನು ಮಾರನೆಯ ದಿನ ಮೌಳಿಗೂ ಹೇಳಿ ಖುಷಿಪಟ್ಟರು. ಒಡಹುಟ್ಟಿದವರು ಯಾರೂ ಇಲ್ಲ ಎಂದು ಅರ್ಜಿಯಲ್ಲಿ ಬರೆದದ್ದು ಮೌಳಿಗೆ ನೆನಪಾಯಿತು.

ತನಿಖೆಯವನು ಮೌಳಿಯನ್ನು ಕರೆಸಿದಾಗ ಗದರಲಿಲ್ಲ, ಬಹಳ ಮೆತ್ತಗೆ ಕೇಳಿದ. ಸಹೋದರರಿಲ್ಲ ಎಂದು ಬರೆದಿದ್ದೀರಿ, ಪ್ರತಿ ವಾರ ಸಹೋದರನೊಬ್ಬನ ಜೊತೆ ಮಾತನಾಡುತ್ತೀರಂತೆ. ಮೌಳಿ, ಅವನು ನನ್ನ ತಂದೆಯ ಅಣ್ಣನ ಮಗ ಎಂದು ಬಿಡಿಸಿ ಹೇಳಿದ. ಓ ಕಸಿನ್, ಎಂದು ಆತ ಬರೆದುಕೊಂಡ. ಒಂದೇ ಪದದಲ್ಲಿ ಅಣ್ಣ ಇಷ್ಟು ಚಿಕ್ಕವನಾಗಿ ಹೋದದ್ದು ಮೌಳಿಗೆ ಕಸಿವಿಸಿ ತಂದಿತು. ಹಾಗಿದ್ದರೆ ವಿದೇಶಿಯರ ಜೊತೆ ಅವನ ಹೆಸರೇಕಿಲ್ಲ ಎಂದು ಮುಂದಿನ ಪ್ರಶ್ನೆ ಬಂತು. ಅವನು ವಿದೇಶಿಯನಲ್ಲವಲ್ಲ ಎಂದು ಮೌಳಿಯ ಬಾಯಿಂದ ಬಂದೇಬಿಟ್ಟಿತು. ಅಮೆರಿಕದ ಪ್ರಜೆಯೇ? ಅಲ್ಲ. ಮತ್ತೆ? ಬದರಿನಾಥನ ಪೂರ್ತಿ ವಿವರ ಬರೆದು ಕೊಡಬೇಕೆಂದು ತೀರ್ಮಾನವಾಯಿತು.

ಆ ಭಾನುವಾರ ಮೌಳಿ ಹಿತ್ತಲಿಗೆ ಹೋಗದೆ ಬಚ್ಚಲಿನಲ್ಲಿ ನಿಂತು ಮಾತನಾಡಿದ. ಹುಟ್ಟಿದ ದಿನ ಯಾವುದು, ಎಲ್ಲಿ ಕೆಲಸ ಮಾಡಿದ್ದು ಎಂದೆಲ್ಲ ಕೇಳಿದ. ವಿದ್ಯುತ್ ಮಂಡಳಿ ಸರ್ಕಾರದ್ದೇ ಆದ್ದರಿಂದ ಅಣ್ಣ ಪರದೇಶದ ಸರ್ಕಾರದ ಪಿಂಚಣಿದಾರನೂ ಆದ. ಯಾಕೆ, ಏನು ಎಂದು ಬದರಿಯಣ್ಣ ಕೆದಕಿದಾಗ ಹೇಳಬಹುದಾದಷ್ಟನ್ನು ಹೇಳಿದ.

"ಅಂದ್ರೆ ಈಗ ನಾನು ನಿಂಗೆ ಫಾರಿನರ್ ಆದೆ ಅನ್ನು," ಎಂದು ಅಣ್ಣ ನಕ್ಕ. ಆಮೇಲೆ ನಗು ನಿಂತಿತು. "ನನ್ನಿಂದ ನಿನ್ನ ಅನ್ನಕ್ಕೆ ಕಲ್ಲು ಬೀಳಬಾರ್ದು ಕಣೋ ಮೌಳಿ. ಕಸಿನ್ ಅಂತ್ಲೇ ಬರ್ಕೊಡು. ಫೋನೂ ಬೇಡ ಬಿಡು, ಇದೆಲ್ಲ ಮುಗೀಲಿ."

ಹಾಗೆಲ್ಲ ಏನೂ ಬೇಡ ಅಣ್ಣ ಎನ್ನಬೇಕಿತ್ತು. ಮೌಳಿ ಅನ್ನಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ನಿರಾಳವಾಯಿತು. ಮುಂದಿನ ಭಾನುವಾರ ಫೋನು ಬರಲಿಲ್ಲ, ಅದರ ಮುಂದಿನ ಭಾನುವಾರವೂ ಬರಲಿಲ್ಲ. ಮೌಳಿ ಹೊತ್ತಿಗೆ ಸರಿಯಾಗಿ ತಿಂಡಿ ತಿನ್ನತೊಡಗಿದ.

ಕೊನೆಗೆ ಟಾಪ್ ಸೀಕ್ರೆಟ್ ಸಿಕ್ಕಿತು. ಕುರ್ಚಿ ಸಿಕ್ಕಿತು, ಸಂಬಳ ಜಿಗಿಯಿತು. ಕೌಸಲ್ಯಾ ಮೈಸೂರು ಪಾಕ್ ಮಾಡಿ, ಈಗ ನನ್ನ ಹತ್ತಿರಕ್ಕೆ ಬಂದ್ರಿ ಎಂದಳು. ಹೊಸ ಕೋಣೆ ಹಳೆಯದಕ್ಕಿಂತ ಇನ್ನೂ ಒಳಗಿತ್ತು. ಕಂಪನಿಯಲ್ಲಿ ಇಂಥ ವಿಷಯಗಳನ್ನು ನೋಡಿಕೊಳ್ಳುವ ಸೆಕ್ಯುರಿಟಿ ಆಫೀಸಿನ ಹೆಂಗಸು ನಿಯಮಗಳನ್ನು ವಿವರಿಸುವಾಗ, ಕಸಿನ್ ಜೊತೆ ಮಾತು ನಿಲ್ಲಿಸಿದ್ದೇನೆ ಎಂದು ಮೌಳಿ ಒಳ್ಳೆಯ ವಿದ್ಯಾರ್ಥಿಯ ಹಾಗೆ ಒಪ್ಪಿಸಿದ. ಆಕೆ ಅಚ್ಚರಿಪಟ್ಟಳು. ನಿಲ್ಲಿಸಿ ಎಂದು ಯಾರೂ ಹೇಳಿಲ್ಲವಲ್ಲ, ನಮಗೆ ತಿಳಿಸಿದರೆ ಸಾಕಿತ್ತು, ದಿನಾ ಬೇಕಾದರೂ ಮಾತನಾಡಿ ಎಂದಳು.

ಅಂದು ಸಂಜೆಯೇ ಫೋನು ಮಾಡಿದ. ಅತ್ತಿಗೆ ಎತ್ತಿದಳು. ಅವರು ಪೇಟೆಗೆ ಹೋಗಿದಾರೆ ಎಂದಳು. ಇನ್ನೊಂದು ಸಲ ಸ್ನಾನಕ್ಕೆ ಹೋಗಿದ್ದರು, ಮತ್ತೊಂದು ಸಲ ಮಲಗಿದ್ದರು. ಆಮೇಲೆ ಮೌಳಿಗೇ ಕೇಳಲು ನಾಚಿಕೆಯಾಯಿತು.

ಆ ಬೇಸಿಗೆಯಲ್ಲಿ ಬದರಿಯಣ್ಣನೇ ಅಮೆರಿಕಕ್ಕೆ ಬಂದ. ಹತ್ತಿರದ ಸ್ನೊಕ್ವಾಲ್ಮಿಗೆ ಈಚೆಗಷ್ಟೇ ಬಂದು ನೆಲೆಸಿದ್ದ ಅವನ ಮಗಳು ಪೂಜಿತಾಳ ಮಗುವಿಗೆ ನಾಮಕರಣ. ಬಂದ ಸುದ್ದಿಯನ್ನು ಅವನು ಮೌಳಿಗೆ ತಿಳಿಸಿರಲಿಲ್ಲ. ಎಲ್ಲರಿಗೂ ಹೋದ ಆಮಂತ್ರಣ ಪೂಜಿತಾಳಿಂದ ಇವನಿಗೂ ಬಂದಿತ್ತು, ಅಷ್ಟೇ. ಮೌಳಿ ಹೆಂಡತಿಯೊಂದಿಗೆ ಹೋದಾಗ ಪಂಚೆಯುಟ್ಟು ಬಾಗಿಲಲ್ಲಿ ನಿಂತಿದ್ದ ಅಣ್ಣ ಕೈಮುಗಿದ.

"ಬನ್ನಿ ಬನ್ನಿ ಮೌಳಿಯವರೇ. ದಾರಿ ಸುಲಭವಾಗಿ ಸಿಕ್ತಾ?"

ತಮಾಷೆಯೆಂದುಕೊಂಡು ಮೌಳಿ ನಕ್ಕ. ಅಣ್ಣ ನಗಲಿಲ್ಲ. ಪೂಜಿತಾಳ ಆಫೀಸಿನವರು ಯಾರೋ ಇವರು ಯಾರು ಅಂಕಲ್ ಎಂದಾಗ, ನಮಗೆ ಕಸಿನ್ ಆಗಬೇಕು ಎಂದ. ಊಟಕ್ಕೆ ಕೂತಾಗ ತಾನೇ ಬಂದು, ಸಂಕೋಚ ಪಟ್ಟುಕೊಳ್ಳಬೇಡಿ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಎಂದು ಉಪಚರಿಸಿದ. ಕಿವಿ ಹಿಂಡಿದ ಅದೇ ಕೈ ಬಗ್ಗಿ ತುಪ್ಪ ಬಡಿಸುತ್ತಿತ್ತು.

ಊಟವಾದ ಮೇಲೆ ಬೆಟ್ಟ ಕಾಣುವ ಹಿತ್ತಲಿನಲ್ಲಿ ಅಣ್ಣ ಒಬ್ಬನೇ ಸಿಕ್ಕ.

"ಅಣ್ಣ, ಇಲ್ಲಿ ಯಾರೂ ಇಲ್ಲ. ಕೆಲಸವೂ ಆಯ್ತು, ಯಾರ ತಕರಾರೂ ಇಲ್ಲ. ಸಾಕು ಬಿಡು."

ಬದರಿಯಣ್ಣ ಬೇಲಿಯ ಕಡೆ ನೋಡಿದ, ಮೌಳಿಯ ಜೇಬಿನಲ್ಲಿದ್ದ ಫೋನಿನ ಕಡೆ ನೋಡಿದ.

"ಹೇಗೆ ಹೇಳೋದು, ಇರಬಹುದು. ನನಗೆ ನಿಮ್ಮ ಕೆಲಸ ಏನು ಅಂತ ಗೊತ್ತಿಲ್ಲ. ದೊಡ್ಡದು ಅಂತ ಮಾತ್ರ ಗೊತ್ತು, ಮಾತು ಬಿಡೋವಷ್ಟು ದೊಡ್ಡದು. ನೀವು ಚೆನ್ನಾಗಿದ್ರೆ ಸಾಕು."

ಇಷ್ಟು ಹೇಳಿ, ಮಗು ಎದ್ದಿತೇನೋ ನೋಡುತ್ತೇನೆ ಎಂದು ಒಳಗೆ ಹೋದ. ಅದು ಮುನಿಸೋ, ತಮ್ಮನನ್ನು ಕಾಯುವ ಪ್ರೀತಿಯೋ ಮೌಳಿಗೆ ತಿಳಿಯಲಿಲ್ಲ. ಯಾವುದಾಗಿದ್ದರೂ ಅವನಿಗೆ ಅಳು ಬಂತು, ಬೆಟ್ಟದ ಕಡೆ ತಿರುಗಿ ನಿಂತ.

ಸೋಮವಾರ ನಿಯಮದಂತೆ ಸೆಕ್ಯುರಿಟಿ ಆಫೀಸಿಗೆ ಹೋಗಿ ಕಸಿನ್‌ನನ್ನು ಭೇಟಿಯಾದದ್ದನ್ನು ತಿಳಿಸಿದ. ಆಕೆ ಟೈಪ್ ಮಾಡಿಕೊಳ್ಳುತ್ತ, ಅವರ ನಡವಳಿಕೆಯಲ್ಲಿ ಎಂದೂ ಇಲ್ಲದಂಥದ್ದು ಏನಾದರೂ ಕಂಡಿತೇ ಎಂದು ಕೇಳಿದಳು. ಪ್ರತಿಯೊಬ್ಬರಿಗೂ ಕೇಳುವ ಪ್ರಶ್ನೆ ಅದು. ಮೌಳಿ ಎಂದಿನಂತೆ ಪ್ರಾಮಾಣಿಕವಾಗಿ ಯೋಚಿಸಿದ. ಅಣ್ಣ ನನ್ನನ್ನು ನೀವು ಅಂದ, ಎಂದು ಹೇಳಬೇಕಿತ್ತು. ಇಂಗ್ಲಿಷಿನಲ್ಲಿ ಅದು 'ಯೂ' ಆಗುತ್ತದೆ. ಮೊದಲು ಏನೆನ್ನುತ್ತಿದ್ದರು ಎಂದು ಆಕೆ ಕೇಳಿದರೆ, ಅದೂ 'ಯೂ'.

ಅಂಥದ್ದೇನೂ ಇಲ್ಲ ಎಂದ. ಆಕೆ ಹಾಗೆಯೇ ಬರೆದುಕೊಂಡಳು. ಮೌಳಿ ಫೋನನ್ನು ಲಾಕರಿನಲ್ಲಿಟ್ಟು ಒಳಗೆ ಹೋದ.