ಅರಬಾಬರ ಕೋವಿಗೆ ತೋಟೆ ತುಂಬಿದ ದಿನಗಳು

ಆ ಕೋಣೆಗೆ ಕಿಟಕಿ ಇರಲಿಲ್ಲ. ಒಮಾನಿನ ಸುವೈಕ್‌ನಲ್ಲಿ, ಅರಬಾಬರ ತೋಟದ ಮೂಲೆಯಲ್ಲಿ, ಖರ್ಜೂರದ ಮರಗಳ ಹಿಂದೆ, ಮೊದಲು ನೀರಿನ ಪಂಪು ಇಡುತ್ತಿದ್ದ ಕೋಣೆ ಅದು. ಕಬ್ಬಿಣದ ಬಾಗಿಲು, ಸಿಮೆಂಟಿನ ನೆಲ, ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಉದ್ದನೆಯ ಮೇಜು, ಅದರ ಮೇಲ್ಗಡೆ ಒಂದು ಎಸಿ. ಬಾಗಿಲ ಹೊರಗೆ ಸ್ಟೂಲಿನ ಮೇಲೆ ಬಿಸ್ಕತ್ತಿನ ಖಾಲಿ ಡಬ್ಬಿ. ಒಳಗೆ ಹೋಗುವವರು ಫೋನನ್ನು ಅದರಲ್ಲಿ ಹಾಕಿ ಹೋಗಬೇಕು. ಕೋವಿಯ ಮದ್ದು ತೂಗುವಾಗ ಯಾರೂ ಫೋನಿನಲ್ಲಿ ಮಾತಾಡಕೂಡದು ಎಂದು ಅರಬಾಬರ ಕಟ್ಟಪ್ಪಣೆ. ನನ್ನ ಬಸುರಿನ ಏಳನೆಯ ಮತ್ತು ಎಂಟನೆಯ ತಿಂಗಳಿನ ಶುಕ್ರವಾರ, ಶನಿವಾರಗಳನ್ನು ನಾನು ಕಳೆದದ್ದು ಆ ಕೋಣೆಯಲ್ಲಿ.

ಅರಬಾಬರು ಎಂದರೆ ನನ್ನ ಗಂಡನ ಯಜಮಾನರು. ನಾವಿದ್ದ ಅಲ್ ಗುಬ್ರಾದಲ್ಲಿ ಅವರದೊಂದು ಪಂಪ್ ರಿಪೇರಿಯ ವರ್ಕ್‌ಶಾಪ್. ಇವರು ಅಲ್ಲಿ ಲೇತ್ ಮಷೀನಿನ ಮೇಲೆ. ಕೂದಲಿನ ದಪ್ಪದಲ್ಲಿ ಹತ್ತರಲ್ಲೊಂದು ಪಾಲು ಹೆಚ್ಚುಕಡಿಮೆಯಾದರೂ ಬೆರಳಿಗೆ ತಿಳಿಯುತ್ತದೆ ಎಂದು ಅಲ್ಲಿಯವರು ಇವರ ಬಗ್ಗೆ ಹೇಳುತ್ತಿದ್ದರು. ಅರಬಾಬರು ಹಿಂದಿಯನ್ನು ನಮಗಿಂತ ಚೆನ್ನಾಗಿ ಮಾತಾಡುವವರು. ಇವರನ್ನು 'ಉಸ್ತಾದ್' ಎಂದೂ ನನ್ನನ್ನು 'ಸಿಸ್ಟರ್' ಎಂದೂ ಕರೆಯುತ್ತಿದ್ದರು.

ಅವರಿಗೆ ಬೇಟೆಯ ಹುಚ್ಚು. ಒಮಾನಿನಲ್ಲಿ ಬೇಟೆಯಾಡುವಂತಿಲ್ಲ, ಹಾಗಾಗಿ ವರ್ಷಕ್ಕೊಮ್ಮೆ ಯಾವುದೋ ಚಳಿಯ ದೇಶದ ಬೆಟ್ಟಕ್ಕೆ ಕಾಡುಮೇಕೆ ಹೊಡೆಯಲು ಹೋಗುತ್ತಿದ್ದರು. ಆ ವರ್ಷ ಹೊಸ ಕೋವಿ ಬಂದಿತ್ತು. ದರ್ಜಿ ಅಂಗಿ ಹೊಲಿಯುವ ಹಾಗೆ ಅವರ ತೋಳಿನುದ್ದ, ಕತ್ತಿನೆತ್ತರ ಎಲ್ಲ ಅಳೆದು, ವಿದೇಶದ ಒಬ್ಬ ಕುಶಲಕರ್ಮಿ ಒಂದೂವರೆ ವರ್ಷ ಕೂತು ಮಾಡಿದ್ದಂತೆ. ಲೈಸೆನ್ಸು, ಪರ್ಮಿಟ್ಟು ಎಲ್ಲ ಅವರ ಹೆಸರಿನಲ್ಲಿ ಸರಿಯಾಗಿದ್ದವು. ನನಗೆ ಊರಿನಲ್ಲಿ ಕೋವಿ ಎಂದರೆ ಚುನಾವಣೆ ಬಂದಾಗ ಅಜ್ಜ ಗೋಣಿಯಲ್ಲಿ ಸುತ್ತಿ ಪೊಲೀಸ್ ಠಾಣೆಯಲ್ಲಿ ಇಟ್ಟುಬರುತ್ತಿದ್ದ ವಸ್ತು, ಅಷ್ಟೆ. ಈ ಕೋವಿಯ ಮರದಲ್ಲಿ ಕಾಫಿಗೆ ಹಾಲು ಸುರಿದಾಗ ಏಳುವಂಥ ಗೆರೆಗಳಿದ್ದವು. ಕೈಯಿಂದ ಸವರಬೇಕು ಅನಿಸಿತು, ಸವರಲಿಲ್ಲ.

"ಅಂಗಡಿಯ ತೋಟೆ ಇದಕ್ಕೆ ಆಗುವುದಿಲ್ಲ ಸಿಸ್ಟರ್," ಎಂದು ಅರಬಾಬರು ನನಗೇ ವಿವರಿಸಿದ್ದರು. "ಒಂದೊಂದು ಕೋವಿಗೆ ಒಂದೊಂದು ಊಟ ಇಷ್ಟ. ಇದಕ್ಕೆ ಯಾವುದು ಇಷ್ಟ ಅಂತ ನಾವೇ ಬಡಿಸಿ ಬಡಿಸಿ ನೋಡಬೇಕು."

ಬಡಿಸುವ ಕೆಲಸ ಇವರದು. ಹಿತ್ತಾಳೆಯ ಖಾಲಿ ಕೊಳವೆಗೆ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು ಕೂರಿಸುವುದು, ಮದ್ದು ತೂಗಿ ಸುರಿಯುವುದು, ಬಾಯಿಗೆ ಗುಂಡು ಒತ್ತುವುದು. ಮದ್ದಿನ ತೂಕವನ್ನು ಸಾಸಿವೆ ಕಾಳಿನಷ್ಟು ಏರಿಸುತ್ತಾ ಒಂದೊಂದು ತೂಕಕ್ಕೆ ಐದೈದು ತೋಟೆ. ಶನಿವಾರ ಬೆಳಿಗ್ಗೆ ಅರಬಾಬರು ಅವನ್ನು ಗುರಿಯ ಕಾಗದದ ಮೇಲೆ ಹೊಡೆದು ನೋಡುವುದು. ಐದು ತೂತುಗಳೂ ಒಂದು ನಾಣ್ಯದ ಕೆಳಗೆ ಮುಚ್ಚಿಹೋದರೆ ಗೆದ್ದಂತೆ.

ಬರೆಯುವ ಕೆಲಸ ನನ್ನದು. ಕಾನ್ವೆಂಟಿನ ಸಿಸ್ಟರುಗಳು ನಾಲ್ಕು ಗೆರೆಯ ಪುಸ್ತಕದಲ್ಲಿ ತಿದ್ದಿಸಿದ ಅಕ್ಷರ ನನ್ನದು. ಇವರು ಬರೆದರೆ ಇವರಿಗೇ ಓದಲಾಗದು. ತಾರೀಕು, ಸೆಕೆ, ಮದ್ದಿನ ತೂಕ, ಗುಂಡಿನ ವೇಗ, ತೂತುಗಳ ಅಂತರ. ಕೊನೆಯಲ್ಲಿ 'ಷರಾ' ಎಂದು ಒಂದು ಕಾಲಂ ನಾನಾಗಿಯೇ ಹಾಕಿಕೊಂಡಿದ್ದೆ. ಖಾಲಿ ಬಿಡಲು ಮನಸ್ಸಾಗದೆ ಅದರಲ್ಲಿ ಏನಾದರೂ ತುಂಬುತ್ತಿದ್ದೆ: ಗಾಳಿ ಇತ್ತು, ಇವರಿಗೆ ಶೀತ, ಎಸಿ ಕೆಟ್ಟಿದೆ, ಹೊಸ ಡಬ್ಬಿ ತೆರೆದದ್ದು.

ಬಸುರಿಯಾದ ನಾನು ಅಷ್ಟು ದೂರ ಹೋಗುತ್ತಿದ್ದದ್ದಕ್ಕೆ ಕಾರಣ ಇತ್ತು. ಮೊದಲನೆಯದು ಐದನೇ ತಿಂಗಳಿನಲ್ಲಿ ಹೋಗಿತ್ತು, ಫ್ಲ್ಯಾಟಿನಲ್ಲಿ ನಾನೊಬ್ಬಳೇ ಇದ್ದಾಗ. ಆಮೇಲೆ ಇವರು ನನ್ನನ್ನು ಒಂಟಿಯಾಗಿ ಬಿಡುತ್ತಿರಲಿಲ್ಲ. ಡಾಕ್ಟರಮ್ಮನೂ ಅದನ್ನೇ ಹೇಳಿದ್ದರು: ಊರಿಗೆ ಹೋಗುವುದಾದರೆ ಗಂಡ ಜೊತೆಗಿರಬೇಕು, ಮೂವತ್ತನಾಲ್ಕನೇ ವಾರ ತುಂಬುವುದರೊಳಗೆ ಹೊರಡಬೇಕು, ಆಮೇಲೆ ವಿಮಾನಕ್ಕೆ ಬೇಕಾದ ಚೀಟಿಗೆ ತಾನು ಸಹಿ ಹಾಕುವುದಿಲ್ಲ ಎಂದು.

ಇವರು ರಜೆ ಕೇಳಿದ್ದರು. "ಇನ್ಶಾಅಲ್ಲಾ," ಎಂದಿದ್ದರು ಅರಬಾಬರು, "ಕೋವಿ ಒಂದು ತಯಾರಾಗಲಿ."

ಕೋವಿ ತಯಾರಾಗುತ್ತಿರಲಿಲ್ಲ. ಒಂದು ವಾರ ತೂತುಗಳು ಒತ್ತೊತ್ತಾಗಿ ಬೀಳುತ್ತಿದ್ದವು. ಮುಂದಿನ ವಾರ ಅದೇ ತೂಕ, ಅದೇ ಗುಂಡು, ಕಾಗದದ ತುಂಬ ಚೆಲ್ಲಾಪಿಲ್ಲಿ. ಇವರು ಗುಂಡನ್ನು ಬೈದರು, ಗಾಳಿಯನ್ನು ಬೈದರು, ಕೊನೆಗೆ ಅರಬಾಬರ ಹೆಗಲನ್ನೂ ಬೈದರು, ಅದು ಕಾರಿನೊಳಗೆ ಮಾತ್ರ. ನಾನು ಗುಬ್ರಾದಿಂದ ಸುವೈಕ್‌ಗೆ, ಸುವೈಕ್‌ನಿಂದ ಗುಬ್ರಾಕ್ಕೆ ಸೀಟಿನಲ್ಲಿ ದಿಂಬು ಇಟ್ಟುಕೊಂಡು ಹೋಗಿಬಂದು ವಾರ ಎಣಿಸುತ್ತಿದ್ದೆ. ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು. ಫ್ಲ್ಯಾಟಿನಲ್ಲಿ ಕಿಟಕಿ ತೆರೆಯುವಂತಿರಲಿಲ್ಲ, ಬಿಸಿಗಾಳಿ. ಕಾರಿನಲ್ಲಿ ಗಾಜು ಇಳಿಸುವಂತಿರಲಿಲ್ಲ. ಆ ಕೋಣೆಗಂತೂ ಕಿಟಕಿಯೇ ಇಲ್ಲ. ಒಂದು ಮುಚ್ಚಿದ ಡಬ್ಬಿಯಿಂದ ಇನ್ನೊಂದಕ್ಕೆ ನನ್ನನ್ನು ಸುರಿಯುತ್ತಿದ್ದಾರೆ ಅನಿಸುತ್ತಿತ್ತು. ಹೊರಗೆ ಬಂದು ಫೋನು ತೆಗೆದರೆ ಅಮ್ಮನ ಆರು ಮಿಸ್ಡ್ ಕಾಲ್.

"ಎಂತ ಮಗಾ, ಟಿಕೆಟ್ ಆಯ್ತಾ?"

"ಆಗ್ತದೆ ಅಮ್ಮ. ಒಂದು ಚೂರು ಕೆಲಸ ಬಾಕಿ ಉಂಟು ಇವ್ರದ್ದು."

"ಅವನ ಕೆಲಸ ಮುಗಿಯುವಷ್ಟರಲ್ಲಿ ಮಗು ಶಾಲೆಗೆ ಹೋಗ್ತದೆ."

ಮೂವತ್ಮೂರನೇ ವಾರದ ಶನಿವಾರ ಅರಬಾಬರು ಗುರಿಯ ಕಾಗದವನ್ನು ಬಾವುಟದಂತೆ ಬೀಸುತ್ತಾ ಕಾರಿನ ಹತ್ತಿರ ಬಂದರು. ಐದು ತೂತುಗಳು ಒಂದಕ್ಕೊಂದು ತಾಗಿ, ಮಲ್ಲಿಗೆ ಹೂವಿನ ಎಸಳುಗಳ ಹಾಗೆ ಕೂಡಿದ್ದವು.

"ಖಲಾಸ್!" ಎಂದರು. "ಉಸ್ತಾದ್, ಇದೇ ತೂಕದಲ್ಲಿ ಅರವತ್ತು ಮಾಡಿಡು. ಗುರುವಾರ ನೀನು ಸಿಸ್ಟರನ್ನು ಕರೆದುಕೊಂಡು ಹೋಗು. ಯಲ್ಲಾ, ಹೊರಡು."

ಇವರು ಅಲ್ಲೇ ನಿಂತು ಫೋನಿನಲ್ಲಿ ಗುರುವಾರದ ಟಿಕೆಟ್ ಮಾಡಿದರು. ನಾನು ಅಮ್ಮನಿಗೆ ಹೇಳಿದೆ. ಅವಳು ಆಚೆಯಿಂದ ಪಕ್ಕದ ಮನೆಯವರಿಗೆ ಕೂಗಿ ಹೇಳಿದ್ದು ನನಗೆ ಕೇಳಿಸಿತು.

ಮಧ್ಯಾಹ್ನ ಊಟ ಮುಗಿಸಿ ಅರವತ್ತು ತುಂಬಲು ಕೂತೆವು. ಇವರು ಎಂದಿನಂತೆ ಮೊದಲು ಎಸಿಯ ರೆಕ್ಕೆಯನ್ನು ಆ ಕಡೆ ಈ ಕಡೆ ಓಲಾಡುವಂತೆ ಹಾಕಿದರು, ಗಾಳಿ ಮೂಲೆಯಲ್ಲಿ ಕೂತ ನನಗೂ ತಲುಪಲಿ ಎಂದು. ನನ್ನ ಕಾಲು ಊದಿಕೊಂಡಾಗಿನಿಂದ ಇದು ಅವರ ಕ್ರಮ. ನನಗೆ ಮಾಡಲು ಬೇರೆ ಕೆಲಸವಿರಲಿಲ್ಲ. ತೂಕ ಒಂದೇ, ಅರವತ್ತು ಸಲ ಅದನ್ನೇ ಬರೆಯುವುದು. ಹಾಗಾಗಿ ಸುಮ್ಮನೆ ನೋಡುತ್ತಾ ಇದ್ದೆ. ಎಸಿಯ ರೆಕ್ಕೆ ಮೇಜಿನ ಕಡೆ ತಿರುಗಿದಾಗ ನನ್ನ ಪುಸ್ತಕದ ಹಾಳೆಯ ತುದಿ ಏಳುತ್ತಿತ್ತು. ಅದೇ ಹೊತ್ತಿಗೆ ತೂಕದ ಯಂತ್ರದ ಕೊನೆಯ ಅಂಕಿ ಹಾರುತ್ತಿತ್ತು. ರೆಕ್ಕೆ ಆಚೆ ಹೋದರೆ ಅಂಕಿ ಮತ್ತೆ ಇಳಿಯುತ್ತಿತ್ತು. ಇವರು ತಮಗೆ ಬೇಕಾದ ಅಂಕಿ ಕಂಡೊಡನೆ ಮದ್ದನ್ನು ಸುರಿದುಬಿಡುತ್ತಿದ್ದರು. ಕಬ್ಬಿಣ ಬಲ್ಲ ಮನುಷ್ಯ, ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಪುಸ್ತಕದ ಹಿಂದಿನ ಹಾಳೆಗಳನ್ನು ಮಗುಚಿದೆ. ಹಿಂದೆ ಚೆನ್ನಾಗಿ ಬಂದ ಎರಡು ವಾರಗಳ ಎದುರಿಗೂ ಷರಾದಲ್ಲಿ ನನ್ನದೇ ಅಕ್ಷರ: ಎಸಿ ಕೆಟ್ಟಿದೆ. ಎಸಿ ರಿಪೇರಿಗೆ ಜನ ಬಂದಿಲ್ಲ.

ಬೆಳಗಿನ ಮಲ್ಲಿಗೆ ಹೂವು ಅದೃಷ್ಟದಿಂದ ಅರಳಿದ್ದು. ಆ ತೂಕ ಮೇಲಿನ ಮಿತಿಗೆ ಹತ್ತಿರದ್ದು ಎಂದು ಇವರೇ ಹೇಳಿದ್ದರು. ಮಿತಿ ದಾಟಿದರೆ ಏನಾಗುತ್ತದೆ ಎಂದು ಒಮ್ಮೆ ಕೇಳಿದ್ದೆ. "ಮೊದಲು ಕೇಪು ಚಪ್ಪಟೆ ಆಗ್ತದೆ. ಇನ್ನೂ ಹೆಚ್ಚಾದ್ರೆ ಕೋವಿ ಒಡೀಬಹುದು. ಕೆನ್ನೆ ಕೋವಿಗೆ ಒತ್ತಿ ಇರ್ತದೆ ನೋಡು," ಎಂದಿದ್ದರು.

ನಾನು ಹಾಳೆಯ ತುದಿಯ ಮೇಲೆ ಪೆನ್ನಿನ ಡಬ್ಬಿ ಇಟ್ಟೆ. ಅದು ಏಳುವುದು ನಿಂತಿತು. ಮೂವತ್ತೆಂಟು, ಮೂವತ್ತೊಂಬತ್ತು ಎಂದು ಬರೆಯುತ್ತಾ ಹೋದೆ.

ಭಾನುವಾರ ಪೆಟ್ಟಿಗೆಗೆ ಬಟ್ಟೆ ತುಂಬಿದೆ. ಅರಬಾಬರು ನನಗೆ ಏನಾಗಬೇಕು ಎಂದು ಕೇಳಿಕೊಂಡೆ. ನನ್ನನ್ನು ಏಳು ವಾರ ಆ ಕೋಣೆಯಲ್ಲಿ ಕೂರಿಸಿದವರು. ಸೋಮವಾರ ಅವರ ಮನೆಯಿಂದ ಪ್ರಯಾಣಕ್ಕೆಂದು ಒಂದು ಡಬ್ಬಿ ಹಲ್ವಾ ಬಂತು, ಕೇಸರಿ ಹಾಕಿದ್ದು, ಇನ್ನೂ ಬೆಚ್ಚಗಿತ್ತು. ಅದನ್ನು ತೆರೆಯಲಾಗಲಿಲ್ಲ. ಚಿಕ್ಕವಳಿದ್ದಾಗ ಸಿಸ್ಟರುಗಳ ಹತ್ತಿರ ಒಂದು ಪುಸ್ತಕ ಇತ್ತು, ಹೇಳಬೇಕಾದ್ದನ್ನು ಹೇಳದವರ ಹೆಸರನ್ನೂ ಅದರಲ್ಲಿ ಬರೆಯುತ್ತಿದ್ದರು. ನಾನು ತೂಕದ ಪುಸ್ತಕ ತೆರೆದು ಆ ಎರಡು ಷರಾಗಳನ್ನು ಮತ್ತೆ ಓದಿದೆ.

ಮಂಗಳವಾರ ಇವರು ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದಾಗ ಹೇಳಿದೆ. ಪುಸ್ತಕವನ್ನೂ ತೋರಿಸಿದೆ. ಒಂದು ಕಾಲಿನ ಬೂಟು ಕೈಯಲ್ಲೇ ಉಳಿಯಿತು.

"ಶನಿವಾರವೇ ಗೊತ್ತಿತ್ತಾ ನಿಂಗೆ?"

"ಹೂಂ."

"ಮೂರು ದಿನ ಬಾಯಿಗೆ ಬೀಗ ಹಾಕಿ ಕೂತಿದ್ದಿಯಲ್ಲ ಮಾರಾಯ್ತಿ, ಇನ್ನೆರಡು ದಿನ ಕೂತ್ಕೊಳ್ಲಿಕ್ಕೆ ಆಗ್ಲಿಲ್ವಾ?"

ನಾನು ಪುಸ್ತಕ ಮುಚ್ಚಿದೆ. ಅವರೇ, "ಎಂತ ಮಾತಾಡ್ತಿದ್ದೇನೆ ನಾನು," ಎಂದು ಬೂಟನ್ನು ಗೋಡೆಬದಿಗೆ ಇಟ್ಟರು. ಆಮೇಲೆ ಅರಬಾಬರಿಗೆ ಹೇಳಲು ಫೋನು ತೆಗೆದುಕೊಂಡು ಬಾಲ್ಕನಿಗೆ ಹೋದರು. ಗಾಜಿನ ಬಾಗಿಲಿನಾಚೆ ಅವರು ಬಗ್ಗಿ ಬಗ್ಗಿ ಮಾತಾಡುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆಯೇ ಸುವೈಕ್‌ಗೆ ಹೊರಟೆವು. ಅರಬಾಬರು ಆಗಲೇ ಬಂದು ತೂಕದ ಯಂತ್ರದ ಮುಂದೆ ಕೂತಿದ್ದರು. ಎಸಿಯನ್ನು ತಾವೇ ಹಾಕಿ ನೋಡಿದರು, ಆರಿಸಿ ನೋಡಿದರು, ಮತ್ತೆ ಹಾಕಿ ನೋಡಿದರು. ಅಂಕಿ ಕುಣಿಯುವುದನ್ನು ನೋಡಿ ನನ್ನ ಕಡೆ ತಿರುಗಿದರು.

"ಸಿಸ್ಟರ್, ಇಷ್ಟು ದಿನ ನಾನು ಉಸ್ತಾದನ ಕೈಯನ್ನು ನಂಬಿದ್ದೆ. ನಿಮ್ಮ ಕಣ್ಣಿಗೆ ಕೆಲಸ ಕೊಡಬೇಕಿತ್ತು."

ಇವರು ನಗಲಿಲ್ಲ. ಸುತ್ತಿಗೆಯಂಥ ಒಂದು ಸಾಧನದೊಳಗೆ ತೋಟೆ ಸಿಕ್ಕಿಸಿ, ಮರದ ತುಂಡಿಗೆ ಬಡಿದರೆ ಗುಂಡು ಕಳಚಿ ಮದ್ದು ಹೊರಬರುತ್ತದೆ. ಟಕ್, ಟಕ್ ಎಂದು ಅರವತ್ತನ್ನೂ ಬಿಚ್ಚತೊಡಗಿದರು. ಎಸಿ ಆರಿಸಿತ್ತು. ಬಾಗಿಲು ತೆರೆದರೆ ಗಾಳಿ, ಆದ್ದರಿಂದ ಅದೂ ಮುಚ್ಚಿತ್ತು. ನಾನು ಒದ್ದೆ ಟವೆಲನ್ನು ಕುತ್ತಿಗೆಗೆ ಸುತ್ತಿಕೊಂಡು ಪ್ರತಿಯೊಂದರ ತೂಕ ಬರೆದೆ. ಹೆಚ್ಚಿನವು ಆಚೀಚೆ. ಇಪ್ಪತ್ತಮೂರನೆಯದನ್ನು ಇವರು ಮೂರು ಸಲ ತೂಗಿದರು. ಅದು ಮಿತಿಯನ್ನು ದಾಟಿತ್ತು. ಇನ್ನೂ ಎರಡು ಹಾಗೆಯೇ ಸಿಕ್ಕವು. ಅರಬಾಬರು ಆ ಮೂರು ಚಿಟಿಕೆ ಮದ್ದನ್ನು ಬೇರೆ ಬಟ್ಟಲಿನಲ್ಲಿಟ್ಟು ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದರು:

"ನಾಳೆಯ ಟಿಕೆಟ್?"

"ಬದಲಾಯಿಸ್ತೇವೆ," ಎಂದರು ಇವರು. ಅರಬಾಬರು ಹೊರಡಲು ಹತ್ತು ದಿನ ಇತ್ತು. ಅಷ್ಟರಲ್ಲಿ ಮದ್ದಿನ ತೂಕದ ಏಣಿಯನ್ನು ಮೊದಲಿನಿಂದ ಹತ್ತಬೇಕು. ಡಾಕ್ಟರಮ್ಮ ಹೇಳಿದ ಮೂವತ್ತನಾಲ್ಕನೇ ವಾರ ಶನಿವಾರಕ್ಕೆ ತುಂಬುತ್ತಿತ್ತು. ಅದನ್ನು ನಾವಿಬ್ಬರೂ ಅವರಿಗೆ ಹೇಳಿರಲೇ ಇಲ್ಲ. ರಜೆ ಬೇಕು ಎಂದಿದ್ದೆವು, ಯಾವ ದಿನದೊಳಗೆ ಎಂದು ಹೇಳುವುದು ಯಜಮಾನರನ್ನು ಒತ್ತಾಯ ಮಾಡಿದಂತೆ ಎಂದು ಇವರ ಭಾವನೆ, ನನ್ನದೂ. ಆಗ ಮಾತ್ರ ನಾನು ಬಾಯಿ ತೆರೆದೆ.

"ಬದಲಾಯಿಸಲಿಕ್ಕೆ ಆಗುವುದಿಲ್ಲ. ಶನಿವಾರದ ಮೇಲೆ ಡಾಕ್ಟರು ಬಿಡುವುದಿಲ್ಲ."

ಅರಬಾಬರು ಇವರನ್ನು ನೋಡಿದರು. "ಉಸ್ತಾದ್, ಇದು ನನಗೆ ಯಾಕೆ ಗೊತ್ತಿಲ್ಲ?" ಇವರು ನೆಲ ನೋಡಿದರು. "ಹೋಗು. ನಾಳೆಯೇ ಹೋಗು. ನಾನು ಅಂಗಡಿಯ ತೋಟೆ ತೆಗೆದುಕೊಂಡು ಹೋಗುತ್ತೇನೆ."

ಡಾಕ್ಟರಮ್ಮನ ಸಹಿಯ ಚೀಟಿಗಾಗಿ ಅದೇ ಸಂಜೆ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಬಿಪಿ ನೋಡಿದರು, ಹತ್ತು ನಿಮಿಷ ಮಲಗಿಸಿ ಮತ್ತೆ ನೋಡಿದರು, ನನ್ನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಒತ್ತಿದ ಗುಳಿ ಹಾಗೆಯೇ ಉಳಿಯಿತು. "ಇವತ್ತು ಇಡೀ ದಿನ ಎಲ್ಲಿದ್ದಿರಿ?" ಎಂದರು. ಚೀಟಿಯ ಪುಸ್ತಕವನ್ನು ಅವರು ಮೇಜಿನ ಒಳಗಿಟ್ಟು ಖಾನೆ ಮುಚ್ಚಿದರು. ಶನಿವಾರ ನಾನು ಆ ಕೋಣೆಯ ಹೊರಗೆ ನಿಂತು, ಅಂಕಿ ಹಾರುವುದನ್ನು ಕಾಣದೆ ಹೋಗಿದ್ದರೆ ಬುಧವಾರ ಆ ಸೆಕೆಯಲ್ಲಿ ಕೂರುತ್ತಿರಲಿಲ್ಲ, ಈ ಪುಸ್ತಕ ಇನ್ನೂ ತೆರೆದಿರುತ್ತಿತ್ತೋ ಏನೋ. ಆ ಮಾತನ್ನು ನಾನು ಇವರಿಗೆ ಇವತ್ತಿನವರೆಗೂ ಹೇಳಿಲ್ಲ.

ಗುರುವಾರ ಬೆಳಿಗ್ಗೆ ಅಮ್ಮನಿಗೆ ಫೋನು ಮಾಡಿದೆ. ಪೆಟ್ಟಿಗೆ ಬಾಗಿಲ ಹತ್ತಿರವೇ ನಿಂತಿತ್ತು.

"ಬರ್ಲಿಕ್ಕೆ ಆಗುದಿಲ್ಲ ಅಮ್ಮ. ಬಿಪಿ ಅಂತೆ."

ಆಚೆ ಕಡೆ ಕುಕ್ಕರು ಸೀಟಿ ಹೊಡೆಯಿತು. ಅವಳು ಹೋಗಿ ಗ್ಯಾಸ್ ಆರಿಸಿ ಬಂದದ್ದು ಗೊತ್ತಾಯಿತು.

"ಆಯ್ತು. ಲೇಹ್ಯ ಮಾಡಿಟ್ಟದ್ದು ಉಂಟು, ಎಣ್ಣೆ ಉಂಟು. ನಿಮ್ಮ ಕಡೆ ಬರುವವರು ಯಾರಾದ್ರೂ ಉಂಟಾ ಕೇಳ್ತೇನೆ. ನನ್ನ ಪಾಸ್‌ಪೋರ್ಟು ಮುಗಿದಿದೆ, ಅದು ನಿಂಗೆ ಗೊತ್ತುಂಟಲ್ಲ. ತೊಟ್ಟಿಲಿಗೆ ಮೊನ್ನೆಯಷ್ಟೇ ಬಣ್ಣ ಹೊಡೆಸಿದ್ದು. ಇರ್ಲಿ, ವಾಸನೆ ಹೋಗ್ಲಿ."

"ಹೂಂ."

"ಅಳ್ತಿದ್ದಿಯಾ?"

"ಇಲ್ಲಮ್ಮ."

"ನಾನೂ ಇಲ್ಲ," ಎಂದಳು. ಆಮೇಲೆ ಇಬ್ಬರೂ ಫೋನು ಇಡಲಿಲ್ಲ.